ನ್ಯಾಸಾಪಹಾರ ಮತ್ತು ದೋರಸಮುದ್ರದ ಕಲ್ಲುಗಳು

ಹಾಳಾದ ಪಟ್ಟಣವೊಂದನ್ನು ನೋಡಲು ಹೋದ ಗೃಹಸ್ಥನು ಅಲ್ಲಿಂದ ಏನನ್ನು ಹೊತ್ತು ಹಿಂದಿರುಗುತ್ತಾನೆ? ಸಾಮಾನ್ಯವಾಗಿ ಎರಡನ್ನು. ತನ್ನ ಪೂರ್ವಿಕರು ಇಷ್ಟು ದೊಡ್ಡವರಾಗಿದ್ದರಲ್ಲ ಎಂಬ ಹೆಮ್ಮೆ ಒಂದು. ಅದೆಲ್ಲ ಹೋಯಿತಲ್ಲ ಎಂಬ ಮರುಕ ಇನ್ನೊಂದು. ಎರಡೂ ಹಗುರವಾದ ಸರಕು. ಊರು ಸೇರುವಷ್ಟರಲ್ಲಿ ಕರಗಿಹೋಗುತ್ತವೆ. ಮರುದಿನ ಅಂಗಡಿಯ ಬಾಗಿಲು ತೆಗೆಯುವಾಗ ಅವುಗಳ ಸುಳಿವೂ ಉಳಿದಿರುವುದಿಲ್ಲ. ಹೆಮ್ಮೆಯೂ ಅಲ್ಲದ, ಮರುಕವೂ ಅಲ್ಲದ ಮೂರನೆಯ ಭಾವವೊಂದು ಅಲ್ಲಿ ಹುಟ್ಟಬೇಕಾಗಿದೆ. ಅದು ಹೊಣೆಯ ಭಾವ. ಅದು ಯಾವ ಬಗೆಯ ಹೊಣೆ, ಯಾರಿಗೆ ಸಲ್ಲಬೇಕಾದದ್ದು, ಎಷ್ಟರ ಮಟ್ಟಿನದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅರಕಲಗೂಡಿನ ಶ್ರಾವಕ ಕುಟುಂಬವೊಂದು ಬೇಸಗೆಯ ರಜೆಯಲ್ಲಿ ಹಳೇಬೀಡಿಗೆ ಹೋಗಿತ್ತು. ಮನೆಯ ಹಿರಿಯರು ಸಮೀಪದ ಗ್ರಾಮದ ಒಂದು ಬಸದಿಯ ಟ್ರಸ್ಟಿನಲ್ಲಿ ಬಹುಕಾಲದಿಂದ ಸದಸ್ಯರು. ಜೊತೆಗೆ ಮಗ, ಸೊಸೆ, 7ನೆಯ ತರಗತಿಯ ಮೊಮ್ಮಗಳು. ಹಾಸನವನ್ನು ದಾಟಿ ಹಳೇಬೀಡು ಸೇರುವಾಗ ಬೆಳಗಿನ 10 ಗಂಟೆ. ಶುಕ್ರವಾರವಾಗಿದ್ದರೆ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ರಜೆ ಎಂಬುದನ್ನು ತಿಳಿದೇ ಹೊರಟಿದ್ದರು. ಇದನ್ನು ತಿಳಿಯದೆ ಹೋಗಿ ಬೀಗ ನೋಡಿ ಬಂದವರು ಅನೇಕರು.

ಹಳೇಬೀಡು ಎಂದರೆ ಹಳೆಯ ಬೀಡು. ಊರಿನ ಹೆಸರೇ ಅದರ ಚರಿತ್ರೆ. ಹೊಯ್ಸಳರ ರಾಜಧಾನಿಯಾಗಿದ್ದ ಕಾಲದಲ್ಲಿ ಅದು ದೋರಸಮುದ್ರ. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಬಂದಿತು. 1327ರ ಸುಮಾರಿಗೆ ತುಘಲಕ್ ಸೈನ್ಯ ಮತ್ತೆ ಬಂದಿತು. ರಾಜಧಾನಿ ಬೇರೆಡೆಗೆ ಸರಿಯಿತು, ವ್ಯಾಪಾರವೂ ಹಿಂದೆಯೇ ಹೋಯಿತು. ವರ್ತಕರು ಬಿಟ್ಟ ಊರು ನಿಲ್ಲುವುದಿಲ್ಲವೆಂಬುದು ವರ್ತಕ ಕುಲದವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಉಳಿದದ್ದು ಕೆರೆ, ಕೋಟೆಯ ಗೋಡೆಯ ತುಂಡುಗಳು, ಹೊಯ್ಸಳೇಶ್ವರ ಮತ್ತು ಕೇದಾರೇಶ್ವರ ದೇವಾಲಯಗಳು, ಮತ್ತು ಅವೆರಡರ ನಡುವಿನ ಬಸ್ತಿಹಳ್ಳಿಯಲ್ಲಿ ಒಂದೇ ಆವರಣದೊಳಗೆ ನಿಂತ ಮೂರು ಬಸದಿಗಳು.

ಹೊಯ್ಸಳೇಶ್ವರದ ಗೋಡೆಯ ಆನೆಗಳ ಸಾಲನ್ನು ನೋಡಿ ಬಸ್ಸಿನವರೆಲ್ಲ ಅಲ್ಲಿಂದಲೇ ಬೇಲೂರಿಗೆ ಹಿಂತಿರುಗುವುದು ರೂಢಿ. ಅಲ್ಲಿಂದ ಬಸ್ತಿಹಳ್ಳಿಗೆ ಕಾಲ್ನಡಿಗೆಯ ದೂರ. ಆದರೂ ಹೋಗುವವರು ಕಡಿಮೆ; ಜೈನ ಕುಟುಂಬಗಳೂ ಹೊತ್ತಾಯಿತೆಂದು ಬಿಟ್ಟುಬಿಡುವುದುಂಟು. ಹಾಗೆ ಬಿಡಬಾರದ ಸ್ಥಳವದು. ಮೂರರಲ್ಲಿ ಹಿರಿದಾದ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವನು ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗಾಗಿ ಕಟ್ಟಿಸಿದನು. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಕೊಂಡೊಯ್ದರು. ಅದೇ ಹೊತ್ತಿಗೆ ರಾಜನಿಗೆ ಯುದ್ಧದಲ್ಲಿ ಜಯವೂ ಆಗಿತ್ತು, ಮಗನೂ ಹುಟ್ಟಿದ್ದನು. ಈ ದೇವರ ಪ್ರತಿಷ್ಠೆಯಿಂದಲೇ ಎರಡೂ ದೊರಕಿತೆಂದು ಸಂತೋಷಿಸಿ ಅವನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಇದಿಷ್ಟೂ ಆ ಬಸದಿಯ ಶಾಸನದಲ್ಲಿ ಇದೆ. ಒಳಗಿನ ನವರಂಗದ ಕಂಬಗಳು ಕಪ್ಪು ಬಳಪದ ಕಲ್ಲಿನವು. ಸುಮಾರು ಒಂಬತ್ತು ಶತಮಾನ ಕಳೆದರೂ ಅವುಗಳ ನುಣುಪು ಮಾಸಿಲ್ಲ, ಎದುರು ನಿಂತವರ ನೆರಳು ಅವುಗಳಲ್ಲಿ ಕಾಣುತ್ತದೆ. ಮಕ್ಕಳು ಅಲ್ಲಿ ಮುಖ ನೋಡಿಕೊಂಡು ನಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ ಕುಟುಂಬಕ್ಕೆ ಪ್ರಶ್ನೆ ಎದುರಾದದ್ದು ಬಸದಿಯಲ್ಲಲ್ಲ, ಅದಕ್ಕೆ ಮೊದಲು, ಹೊಯ್ಸಳೇಶ್ವರದ ಆವರಣಕ್ಕೆ ಹೊಂದಿದ ವಸ್ತುಸಂಗ್ರಹಾಲಯದಲ್ಲಿ. ಸುತ್ತಮುತ್ತಲಿನ ಹಾಳು ಗುಡಿಗಳಿಂದ, ದಿಬ್ಬಗಳಿಂದ ದೊರೆತ ಶಿಲ್ಪಗಳನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿ ಇರಿಸಿದ್ದಾರೆ. ಕೆಲವು ಮಾಡಿನ ಕೆಳಗೆ, ಕೆಲವು ಬಯಲಿನಲ್ಲಿ ಹುಲ್ಲಿನ ಮೇಲೆ. ಶೈವ, ವೈಷ್ಣವ ಮೂರ್ತಿಗಳ ನಡುವೆ ಜಿನಬಿಂಬಗಳೂ ಇವೆ. ಬಿಂಬವೊಂದರ ಎದುರು ಹಿರಿಯರು ಅಭ್ಯಾಸಬಲದಿಂದ ಕೈಮುಗಿದರು. ಮೊಮ್ಮಗಳು ಇವರಿಗೆ ಅಭಿಷೇಕ ಯಾರು ಮಾಡುತ್ತಾರೆಂದು ಕೇಳಿದಳು. ಇದು ಖಂಡಿತ ಬಿಂಬ, ಇದಕ್ಕೆ ಪೂಜೆ ಸಲ್ಲುವುದಿಲ್ಲ ಎಂದು ಹಿರಿಯರು ಉತ್ತರಿಸಿದರು. ಹಾಗಾದರೆ ಇದು ಈಗ ಯಾರದು ಎಂದು ಅವಳು ಮರುಪ್ರಶ್ನೆ ಹಾಕಿದಳು. ಸರಕಾರದ್ದು ಎಂದು ಹಿರಿಯರು ಹೇಳಿದರು. ಹೇಳಿದ ಮೇಲೆ ಆ ಉತ್ತರ ಅವರಿಗೇ ಸಾಲದಾಯಿತು.

ಪ್ರತಿಷ್ಠಾ ಸಂಪ್ರದಾಯದಂತೆ ಮುಖ್ಯ ಅಂಗ ಭಗ್ನವಾದ ಬಿಂಬ ಪೂಜೆಗೆ ಯೋಗ್ಯವಲ್ಲ. ಅಂಥದನ್ನು ಗೌರವದಿಂದ ನೀರಿನಲ್ಲಿ ವಿಸರ್ಜಿಸುವುದು ಅನೇಕ ಊರುಗಳ ರೂಢಿ. ಇದರ ಹಿಂದೆ ಒಳ್ಳೆಯ ಭಾವವಿದೆ: ಪೂಜ್ಯವಾಗಿದ್ದ ವಸ್ತು ಅನಾದರಕ್ಕೆ ಗುರಿಯಾಗಬಾರದು. ಆದರೆ ಫಲ ಯೋಚಿಸತಕ್ಕದ್ದು. ಬಿಂಬ ನೀರು ಸೇರಿದೊಡನೆ ಅದರ ಪೀಠದ ಮೇಲಿನ ಬರಹವೂ ನೀರು ಸೇರುತ್ತದೆ. ಯಾವ ಸಂವತ್ಸರ, ಯಾವ ಗಣ, ಯಾವ ಮುನಿಗಳ ಶಿಷ್ಯೆ, ಯಾವ ಸೆಟ್ಟಿಯ ಹೆಂಡತಿ ಮಾಡಿಸಿಕೊಟ್ಟಳು ಎಂಬುದೆಲ್ಲ ಮುಳುಗುತ್ತದೆ. ಪೂಜೆಯೂ ಇಲ್ಲ, ವಿಸರ್ಜನೆಯೂ ಇಲ್ಲ ಎಂಬ ಮೂರನೆಯ ಸ್ಥಿತಿಯೊಂದು ಹಿಂದಿನವರಿಗೆ ತಿಳಿದಿರಲಿಲ್ಲ. ವಸ್ತುಸಂಗ್ರಹಾಲಯ ಅದನ್ನು ಒದಗಿಸಿತು. ಅಲ್ಲಿ ಮುರಿದ ಬಿಂಬ ಮುರಿದಂತೆಯೇ ನಿಂತಿರುತ್ತದೆ. ಯಾರೂ ಅದನ್ನು ತಿದ್ದುವುದಿಲ್ಲ, ಮರೆಮಾಡುವುದಿಲ್ಲ. ಇದನ್ನು ಆಶಾತನೆ ಎನ್ನುವವರು ಉಂಟು. ಆ ಮಾತು ಸರಿಯೆನಿಸುವುದಿಲ್ಲ. ಹೊಲದ ಬದುವಿನಲ್ಲಿ ಎಮ್ಮೆ ಮೈಯುಜ್ಜುವ ಕಲ್ಲಾಗಿ ನಿಲ್ಲುವುದಕ್ಕಿಂತ ಚೀಟಿಯೊಂದನ್ನು ಹೊತ್ತು ಮಾಡಿನ ಕೆಳಗೆ ನಿಲ್ಲುವುದರಲ್ಲಿ ವಿನಯವೇ ಹೆಚ್ಚು.

ಇದು ಯಾರದು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಒಂದು ಸೂಕ್ಷ್ಮವಾದ ದಾರಿ ಇದೆ. ಅಲ್ಲಿ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಸತ್ಯಾಣುವ್ರತದ ಐದರಲ್ಲಿ ನ್ಯಾಸಾಪಹಾರ ಒಂದು. ನ್ಯಾಸವೆಂದರೆ ನಂಬಿ ಇಟ್ಟುಹೋದ ಒಡವೆ, ಠೇವಣಿ. ಅದರ ಅಪಹಾರ ಕಳವಿನ ಲೆಕ್ಕಕ್ಕೆ ಅಂದರೆ ಅಚೌರ್ಯವ್ರತಕ್ಕೆ ಸೇರಬೇಕಲ್ಲವೇ? ಸೂತ್ರಕಾರರು ಅದನ್ನು ಸತ್ಯದ ಕೆಳಗೆ ಏಕೆ ಇಟ್ಟರು? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ವ್ಯಾಪಾರ ಬಲ್ಲವರ ವಿವರಣೆಯಂತಿದೆ. ಒಬ್ಬನು ಹೊನ್ನನ್ನು ಇನ್ನೊಬ್ಬನಲ್ಲಿ ಇಟ್ಟುಹೋದನು. ಹಿಂದಿರುಗಿ ಬರುವಷ್ಟರಲ್ಲಿ ಇಟ್ಟದ್ದು ಎಷ್ಟೆಂಬುದು ಅವನಿಗೆ ಮರೆತಿತ್ತು. ಇಟ್ಟುದಕ್ಕಿಂತ ಕಡಿಮೆ ಸಂಖ್ಯೆಯನ್ನು ಹೇಳಿ ಕೇಳಿದನು. ಇಟ್ಟುಕೊಂಡವನು ಹಾಗೆಯೇ ಆಗಲಿ ಎಂದು ಅಷ್ಟನ್ನೇ ಕೊಟ್ಟನು. ಅವನು ಪೆಟ್ಟಿಗೆ ಒಡೆಯಲಿಲ್ಲ, ಕೈಯಿಂದ ಕಿತ್ತುಕೊಳ್ಳಲಿಲ್ಲ. ಕೇಳಿದಷ್ಟನ್ನು ಕೊಟ್ಟೇ ಕೊಟ್ಟನು. ಅವನ ತಪ್ಪು ಇದ್ದದ್ದು ಆ ಒಪ್ಪಿಗೆಯ ಮಾತಿನಲ್ಲಿ. ಇಟ್ಟವನ ಮರೆವನ್ನು ತನ್ನ ಲಾಭವಾಗಿ ಮಾಡಿಕೊಂಡದ್ದರಲ್ಲಿ. ಅದಕ್ಕಾಗಿ ಅದು ಸತ್ಯಕ್ಕೆ ತಗಲಿದ ಕಲೆ.

ಈ ಉದಾಹರಣೆಯನ್ನು ದೋರಸಮುದ್ರಕ್ಕೆ ಹೊಂದಿಸಿ ನೋಡಬೇಕು. ಬೊಪ್ಪದೇವನೂ, ಅವನಂತಹ ದಂಡನಾಯಕರೂ, ಪಟ್ಟಣದ ಸೆಟ್ಟಿಗಳೂ, ಹೆಸರಿಲ್ಲದ ಎಷ್ಟೋ ಶ್ರಾವಿಕೆಯರೂ ಮುಂದಿನವರಿಗಾಗಿ ಇಟ್ಟುಹೋದದ್ದು ಆ ಬಸದಿಗಳು, ಬಿಂಬಗಳು, ಶಾಸನಗಳು. ಇಟ್ಟವರು ಹೋದರು. ಯಾರಿಗಾಗಿ ಇಟ್ಟರೋ ಅವರಿಗೆ, ಅಂದರೆ ಮುಂದೆ ಹುಟ್ಟಲಿರುವವರಿಗೆ, ಇಟ್ಟದ್ದು ಎಷ್ಟೆಂಬುದು ತಿಳಿದಿರಲು ಸಾಧ್ಯವೇ ಇಲ್ಲ. ಕಡಿಮೆ ಕೊಟ್ಟರೂ ಅವರು ಸಾಕೆನ್ನುವರು. ಏನೂ ಕೊಡದಿದ್ದರೆ ಇರಲೇ ಇಲ್ಲವೆಂದುಕೊಳ್ಳುವರು. ನಡುವೆ ಇಟ್ಟುಕೊಂಡವರಾಗಿ ನಿಂತಿರುವವರು ಈ ಕಾಲದ ಗೃಹಸ್ಥರು, ಟ್ರಸ್ಟುಗಳು, ಇಲಾಖೆಗಳು. ಇಂಗ್ಲಿಷಿನ ಟ್ರಸ್ಟ್ ಎಂಬುದಕ್ಕೆ ಕನ್ನಡದಲ್ಲಿ ನ್ಯಾಸ ಎಂದೇ ಬರೆಯುವುದುಂಟು. ನೋಂದಣಿ ಪತ್ರದಲ್ಲಿ ಆ ಪದವನ್ನು ಬರೆಸಿದವರೆಲ್ಲ ಅದರ ಹಿಂದಿರುವ ಸೂತ್ರವನ್ನು ನೆನೆದಿರಲಾರರು.

ಹೀಗೆ ನೋಡಿದರೆ ವಸ್ತುಸಂಗ್ರಹಾಲಯದ ಬಗ್ಗೆ ಇರುವ ಅಸಮಾಧಾನ ಅರ್ಧ ಕರಗುತ್ತದೆ. ಅಲ್ಲಿನ ಬಿಂಬಗಳನ್ನು ಸಮಾಜಕ್ಕೆ ಹಿಂದಿರುಗಿಸಬೇಕೆಂದು ಆಗಾಗ ಸಭೆಗಳಲ್ಲಿ ಮಾತು ಏಳುತ್ತದೆ, ಚಪ್ಪಾಳೆಯೂ ಬೀಳುತ್ತದೆ. ನಿತ್ಯಪೂಜೆಗೆ ಜನವಿಲ್ಲದೆ ವಾರಕ್ಕೊಮ್ಮೆ ಬಾಗಿಲು ತೆರೆಯುವ ಬಸದಿಗಳು ಹಾಸನ, ಕೊಡಗು, ಮಂಡ್ಯದ ಕಡೆ ಎಷ್ಟಿವೆ ಎಂದು ಆಗ ಯಾರೂ ಕೇಳುವುದಿಲ್ಲ. ಠೇವಣಿ ಯಾರ ಪೆಟ್ಟಿಗೆಯಲ್ಲಿದೆ ಎಂಬುದು ಎರಡನೆಯ ಪ್ರಶ್ನೆ. ಎಣಿಕೆ ಸರಿಯಾಗಿದೆಯೇ ಎಂಬುದು ಮೊದಲನೆಯದು. ಇಲಾಖೆಯಿಂದ ಸಮಾಜ ಕೇಳಬೇಕಾದದ್ದು ಬಿಂಬಗಳನ್ನಲ್ಲ, ಎಣಿಕೆಯನ್ನು: ಯಾವುದು ಎಲ್ಲಿಂದ ಬಂತು, ಯಾವ ವರ್ಷ ಬಂತು, ಪೀಠದಲ್ಲಿ ಏನು ಬರೆದಿದೆ, ಚೀಟಿಯಲ್ಲಿ ಬರೀ ತೀರ್ಥಂಕರ ಎಂದಿರುವ ಕಡೆ ಲಾಂಛನ ನೋಡಿ ಹೆಸರು ಹೇಳಲು ಸಾಧ್ಯವೇ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಹೊಯ್ಸಳರ ದೇವಾಲಯಗಳನ್ನು ಸೇರಿಸಿದಾಗ ಅದರಲ್ಲಿ ಬಂದ ಹೆಸರುಗಳು ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ. ಬಸ್ತಿಹಳ್ಳಿಯ ಬಸದಿಗಳು ಆ ಮೂರರಲ್ಲಿಲ್ಲ. ಇದಕ್ಕೆ ಮುನಿಸಿಕೊಂಡವರು ಹಲವರು. ಮುನಿಯುವ ಮೊದಲು ತಾವು ಕೊನೆಯ ಬಾರಿ ಬಸ್ತಿಹಳ್ಳಿಗೆ ಹೋದದ್ದು ಯಾವಾಗ ಎಂದು ನೆನೆಸಿಕೊಂಡಿದ್ದರೆ ಚೆನ್ನಾಗಿತ್ತು.

ಇಲಾಖೆಯ ಲೆಕ್ಕ ಒತ್ತಟ್ಟಿಗಿರಲಿ. ಸಮಾಜದ ಕೈಯಲ್ಲೇ ಇರುವ ಠೇವಣಿಯ ಗತಿ ಏನು? ಇಲ್ಲಿ ಮಾತು ಕಹಿಯಾಗುತ್ತದೆ. ಜೀರ್ಣೋದ್ಧಾರವೆಂಬ ಪುಣ್ಯಕಾರ್ಯದ ಹೆಸರಿನಲ್ಲಿ ಆಗುತ್ತಿರುವ ನ್ಯಾಸಾಪಹಾರ ಕಡಿಮೆಯಲ್ಲ. ಹಳೆಯ ಚಪ್ಪಡಿಯನ್ನು ಕಿತ್ತು ಹೊಳೆಯುವ ಗ್ರಾನೈಟ್ ಹಾಸುತ್ತಾರೆ. ಕಿತ್ತ ಚಪ್ಪಡಿಯ ಅಡಿಯಲ್ಲಿ ಅಕ್ಷರವಿತ್ತೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಮರಳನ್ನು ಯಂತ್ರದಿಂದ ಚಿಮ್ಮಿಸಿ ಗೋಡೆಯನ್ನು ಬೆಳ್ಳಗೆ ಮಾಡುತ್ತಾರೆ. ಬಳಪದ ಕಲ್ಲು ಮೃದುವಾದದ್ದು, ಮೃದುವಾದುದರಿಂದಲೇ ಹೊಯ್ಸಳ ಶಿಲ್ಪಿಗೆ ಅಷ್ಟು ನವುರಾಗಿ ಕೆತ್ತಲು ಸಾಧ್ಯವಾದದ್ದು. ಆ ಮರಳಿನ ಏಟಿಗೆ ಮೇಲ್ಪದರವೇ ಹಾರಿಹೋಗಿ ಅಕ್ಷರದ ಅಂಚು ಮಾಯವಾಗುತ್ತದೆ. ಸುಣ್ಣದ ಗಾರೆಯಿದ್ದ ಕಡೆ ಸಿಮೆಂಟು ಮೆತ್ತುತ್ತಾರೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಒಳಗೇ ಕಟ್ಟಿಹಾಕುತ್ತದೆ, ಕೆಲವು ಮಳೆಗಾಲದಲ್ಲಿ ಕಲ್ಲೇ ಪುಡಿಯಾಗಿ ಉದುರುತ್ತದೆ. ಇನ್ನು ಶಾಸನಕ್ಕೆ ಎಣ್ಣೆಬಣ್ಣ ಬಳಿಯುವುದಂತೂ ಭಕ್ತಿಯ ಗುರುತೇ ಆಗಿಬಿಟ್ಟಿದೆ. ಉದ್ಘಾಟನೆಯ ದಿನ ಹೊಸ ಅಮೃತಶಿಲೆಯ ಫಲಕದ ಮೇಲೆ ದಾನಿಗಳ ಹೆಸರು ಚಿನ್ನದ ಬಣ್ಣದಲ್ಲಿ ಹೊಳೆಯುತ್ತದೆ. ಆ ಫಲಕಕ್ಕಾಗಿ ಎಷ್ಟು ಹಳೆಯ ದಾನಿಗಳ ಹೆಸರು ಅಳಿಯಿತೆಂಬುದು ಎಲ್ಲಿಯೂ ಬರೆದಿರುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಎರಡೂ ಗೌರವಕ್ಕೆ ಅರ್ಹವಾದವು. ಬಸದಿ ವಸ್ತುಸಂಗ್ರಹಾಲಯವಲ್ಲ, ಅದು ಜೀವಂತ ಧರ್ಮಸ್ಥಾನ. ಸೋರುವ ಮಾಡಿನ ಕೆಳಗೆ ಪೂಜೆ ನಡೆಸಲು ಸಾಧ್ಯವಿಲ್ಲ ಎಂಬುದು ಮೊದಲನೆಯದು. ನಿಜ. ಹಳೆಯದನ್ನು ದುರಸ್ತಿ ಮಾಡುವುದು ಹೊಸದನ್ನು ಕಟ್ಟುವುದಕ್ಕಿಂತ ಹಿರಿದೆಂಬ ಭಾವ ಈ ನಾಡಿನಲ್ಲಿ ಹಿಂದಿನಿಂದ ಇದೆ. ಬೊಪ್ಪದೇವನ ತಂದೆ ಗಂಗರಾಜನು ಗಂಗವಾಡಿಯ ಜೀರ್ಣ ಬಸದಿಗಳನ್ನು ಎತ್ತಿ ನಿಲ್ಲಿಸಿದವನೆಂದೇ ಶಾಸನಗಳಲ್ಲಿ ಹೆಸರಾದವನು. ಶ್ರವಣಬೆಳಗೊಳದ ಗೊಮ್ಮಟನಿಗೆ ಸುತ್ತಾಲಯ ಕಟ್ಟಿಸಿದವನೂ ಅವನೇ. ಗೆದ್ದುಬಂದ ದಂಡನಾಯಕನಿಗೆ ರಾಜನು ವರ ಕೇಳೆಂದಾಗ ಊರೊಂದನ್ನು ಕೇಳಿ, ಅದನ್ನು ತಾಯಿಯೂ ಹೆಂಡತಿಯೂ ಕಟ್ಟಿಸಿದ ಬಸದಿಗಳಿಗೆ ಬಿಟ್ಟನು. ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ 1368ರ ಶಾಸನ ಜೈನ ಮತ್ತು ವೈಷ್ಣವರ ನಡುವಿನ ಸಂಧಾನಕ್ಕಾಗಿ ಪ್ರಸಿದ್ಧ. ಅದರ ಹಣಕಾಸಿನ ಭಾಗವನ್ನು ಓದುವವರು ವಿರಳ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ, ದುರಸ್ತಿ ಮಾಡಿಸಬೇಕೆಂದು ಅದರಲ್ಲಿ ಗೊತ್ತುಮಾಡಿದೆ. ಮೊದಲು ಕಾವಲು, ಆಮೇಲೆ ಸುಣ್ಣ. ಇರುವುದನ್ನು ಕಾಯದವನಿಗೆ ಬಳಿಯುವ ಅಧಿಕಾರವಿಲ್ಲವೆಂಬ ಅರ್ಥವನ್ನು ಈ ಕ್ರಮದಿಂದ ಹೊರಡಿಸಿದರೆ ತಪ್ಪಾಗಲಾರದು. ಜೀರ್ಣೋದ್ಧಾರವೆಂದರೆ ಜೀರ್ಣವಾದದ್ದನ್ನು ಉದ್ಧರಿಸುವುದು. ಜೀರ್ಣವಾದದ್ದನ್ನು ತೆಗೆದುಹಾಕುವುದಕ್ಕೆ ಆ ಹೆಸರು ಸಲ್ಲದು.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಅಪರಿಗ್ರಹವನ್ನು ಬೋಧಿಸುವ ಧರ್ಮಕ್ಕೆ ಕಲ್ಲುಗಳ ಮೇಲೆ ಇಷ್ಟು ಮಮತೆ ಏಕೆ? ಹಾಳೂರು ಅನಿತ್ಯ ಭಾವನೆಗೆ ಒಳ್ಳೆಯ ಪಾಠವಲ್ಲವೇ? ದೋರಸಮುದ್ರವೇ ನಿಲ್ಲಲಿಲ್ಲ, ಚಪ್ಪಡಿಯೊಂದು ನಿಂತೀತೇ? ಈ ಮಾತನ್ನು ಮುನಿಗಳು ಆಡಿದರೆ ತಲೆಬಾಗಿ ಕೇಳತಕ್ಕದ್ದು. ಟ್ರಸ್ಟಿನ ಖಜಾಂಚಿ ಆಡಿದರೆ ಸ್ವಲ್ಪ ನಿಧಾನಿಸಬೇಕು. ಅನಿತ್ಯ ಭಾವನೆಯನ್ನು ತನ್ನ ದೇಹದ ಮೇಲೆ, ತನ್ನ ಧನದ ಮೇಲೆ ಮಾಡಬೇಕಾದದ್ದು. ಪರರು ನಂಬಿ ಇಟ್ಟ ಒಡವೆಯ ಮೇಲೆ ಮಾಡಿದರೆ ಅದು ವೈರಾಗ್ಯವಾಗುವುದಿಲ್ಲ, ಉಪೇಕ್ಷೆಯಾಗುತ್ತದೆ. ಸಾಲಗಾರನು ಹಣ ಅನಿತ್ಯವೆಂದು ಸಾಲಕೊಟ್ಟವನಿಗೆ ಉಪದೇಶಿಸಿದಂತೆ! ಪರಿಗ್ರಹವೆಂದರೆ ಮೂರ್ಛೆ, ನನ್ನದೆಂಬ ಅಂಟು. ಠೇವಣಿಯನ್ನು ಎಣಿಸಿ ಇಡುವವನಿಗೆ ಅದು ನನ್ನದಲ್ಲವೆಂಬ ಅರಿವು ಪ್ರತಿ ಎಣಿಕೆಯಲ್ಲೂ ಗಟ್ಟಿಯಾಗುತ್ತದೆ. ಹಾಗೆ ನೋಡಿದರೆ ಬಸದಿಯ ದಾಸ್ತಾನು ಪುಸ್ತಕ ಬರೆಯುವುದೂ ಅಪರಿಗ್ರಹದ ಅಭ್ಯಾಸವೇ.

ಎಣಿಕೆ ತಪ್ಪುವುದು ಕಡಿಮೆ ಹೇಳುವುದರಿಂದ ಮಾತ್ರವಲ್ಲ, ಹೆಚ್ಚು ಹೇಳುವುದರಿಂದಲೂ. ಅದೇ ಸೂತ್ರದಲ್ಲಿ ಸತ್ಯದ ಇನ್ನೊಂದು ಅತಿಚಾರವಾಗಿ ಕೂಟಲೇಖಕ್ರಿಯೆ ಇದೆ, ಸುಳ್ಳುಪತ್ರ ಬರೆಯುವುದು. ಹಳೇಬೀಡಿನಲ್ಲಿ 720 ಬಸದಿಗಳಿದ್ದುವೆಂಬ ಮಾತು ಜನರ ಬಾಯಲ್ಲಿದೆ. ವಿಷ್ಣುವರ್ಧನನು ಮತಾಂತರಗೊಂಡ ಮೇಲೆ ಅವನ್ನು ಕೆಡವಿಸಿದನೆಂದೂ ಆ ಪಾಪಕ್ಕೆ ಭೂಮಿ ಬಾಯ್ಬಿಟ್ಟಿತೆಂದೂ ಕಥೆಯಿದೆ. ಕಥೆ ಕೇಳಲು ಚೆನ್ನ. ಆದರೆ 1133ರ ಶಾಸನದಲ್ಲಿ ಅದೇ ರಾಜನು ಜಿನಬಿಂಬದ ಶೇಷೆಯನ್ನು ತಲೆಯಲ್ಲಿಟ್ಟುಕೊಂಡು ಮಗನಿಗೆ ಆ ದೇವರ ಹೆಸರನ್ನಿಡುತ್ತಾನೆ. ಅವನ ಪಟ್ಟದರಸಿ ಶಾಂತಲೆ 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ತನ್ನ ಠೇವಣಿ ದೊಡ್ಡದಿತ್ತೆಂದು ತೋರಿಸಲು ಇನ್ನೊಬ್ಬರ ಖಾತೆಗೆ ಇಲ್ಲದ ಸಾಲವನ್ನು ಬರೆಯುವುದು ಲೆಕ್ಕವಾಗುವುದಿಲ್ಲ. ಮಕ್ಕಳಿಗೆ ಈ ಕಥೆಯನ್ನು ಹೇಳುವ ಹಿರಿಯರು ಶಾಸನದ ಮಾತನ್ನೂ ಒಟ್ಟಿಗೆ ಹೇಳಬೇಕಾದದ್ದು ನ್ಯಾಯ.

ಹಾಗೆಂದು ಕೆಟ್ಟದ್ದು ನಡೆಯಲೇ ಇಲ್ಲವೆಂದು ಹೇಳಬೇಕಾಗಿಯೂ ಇಲ್ಲ. ನಡೆದದ್ದನ್ನು ನಡೆದಂತೆ ಬರೆದಿಟ್ಟ ಮಾದರಿಯೊಂದು ಅದೇ ಹಳೇಬೀಡಿನಲ್ಲಿದೆ. 1638ರ ಶಾಸನ, ಬೇಲೂರಿನಲ್ಲಿ ವೆಂಕಟಾದ್ರಿ ನಾಯಕನು ಆಳುತ್ತಿದ್ದ ಕಾಲ. ಹುಚ್ಚಪ್ಪದೇವನೆಂಬವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಹಾಕಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಊರು ಎರಡು ಪಾಲಾಗುವ ಹೊತ್ತು. ಜೈನ ಸೆಟ್ಟಿಗಳು ವೀರಶೈವ ಮಹಾಮಹತ್ತಿನವರ ಮುಂದೆ ಮೊರೆಯಿಟ್ಟರು. ವಿಭೂತಿ ವೀಳ್ಯವನ್ನು ಕೊಡಿಸಿದ ಮೇಲೆ ಜೈನರು ತಮ್ಮ ಪೂಜೆ, ದೀಪಾರಾಧನೆ ಮೊದಲಾದುವನ್ನು ಹಿಂದಿನ ರೂಢಿಯಂತೆ ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಬರಬಹುದೆಂದು ತೀರ್ಮಾನವಾಯಿತು. ಈ ಜೈನಧರ್ಮಕ್ಕೆ ಅಡ್ಡಿ ಬಂದವನು ಶಿವನಿಗೂ ಜಂಗಮರಿಗೂ ದ್ರೋಹಿಯೆಂದು ವೀರಶೈವರೇ ಬರೆಸಿಕೊಟ್ಟರು. ಆ ಶಾಸನದಲ್ಲಿ ಮುದ್ರೆ ಹಾಕಿದವನ ಹೆಸರೂ ಇದೆ, ಅಳಿಸಿದವನ ಹೆಸರೂ ಇದೆ, ತೀರ್ಮಾನವೂ ಇದೆ. ಯಾವ ಬಾಬನ್ನೂ ಮುಚ್ಚಿಲ್ಲ. ವಿಭೂತಿ ವೀಳ್ಯದ ಷರತ್ತು ಜೈನರಿಗೆ ಅಷ್ಟು ಹಿತವಾಗಿರಲಿಲ್ಲವೆಂದು ಊಹಿಸುವುದು ಕಷ್ಟವಲ್ಲ. ಆದರೂ ಅದನ್ನು ಬಿಟ್ಟು ಬರೆಸಲಿಲ್ಲ. ಆ ಒಪ್ಪಂದದಿಂದ ಉಳಿದುಬಂದ ಬಸದಿಯಲ್ಲೇ ಇಂದಿನ ಮಕ್ಕಳು ಕಂಬದಲ್ಲಿ ಮುಖ ನೋಡಿಕೊಳ್ಳುತ್ತಿರುವುದು.

ಅರಕಲಗೂಡಿನ ಮಟ್ಟಿಗೆ ಈ ವಿಚಾರ ದೂರದ್ದಲ್ಲ. ಈ ಸೀಮೆಯನ್ನೂ ಕೊಡಗಿನ ಉತ್ತರ ಭಾಗವನ್ನೂ 11ನೆಯ ಶತಮಾನದಲ್ಲಿ ಆಳಿದ ಕೊಂಗಾಳ್ವರು ಜಿನಭಕ್ತರು. ಶನಿವಾರಸಂತೆಯ ಹತ್ತಿರದ ಮುಳ್ಳೂರಿನಲ್ಲಿ ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ ತನ್ನ ಗುರುಗಳಾದ ಗುಣಸೇನ ಪಂಡಿತರ ಹೆಸರಿನೊಡನೆ 1058ರಲ್ಲಿ ದಾನ ಬಿಟ್ಟ ದಾಖಲೆ ಇದೆ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರಾಗಿ ಸಂಗ್ರಹಿಸಿ ಎಪಿಗ್ರಾಫಿಯ ಕರ್ನಾಟಿಕದ 5ನೆಯ ಸಂಪುಟವಾಗಿ 1902ರಲ್ಲಿ ಅಚ್ಚು ಹಾಕಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಆಮೇಲೆ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಯಾವ ಹಳ್ಳಿಯಲ್ಲಿ, ಯಾವ ಗುಡಿಯ ಯಾವ ದಿಕ್ಕಿಗೆ ಕಲ್ಲು ನಿಂತಿತ್ತೆಂಬುದು ಅವುಗಳಲ್ಲಿದೆ. ಬಸದಿಯ ಟ್ರಸ್ಟಿಗೆ ಇದಕ್ಕಿಂತ ಒಳ್ಳೆಯ ಆರಂಭದ ಶಿಲ್ಕು ಬೇರೆ ಬೇಕಿಲ್ಲ. ಪುಸ್ತಕ ಹಿಡಿದು ಅಂಗಳಕ್ಕೆ ಇಳಿದರೆ ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂಬುದು ಒಂದು ಮಧ್ಯಾಹ್ನದ ಕೆಲಸ. 1972ರ ಪುರಾವಸ್ತು ಕಾಯಿದೆಯಂತೆ 100 ವರ್ಷ ಮೀರಿದ ಶಿಲ್ಪಗಳನ್ನು ನೋಂದಾಯಿಸಬೇಕು. ನೋಂದಾಯಿಸಿದರೆ ಸರಕಾರ ಎತ್ತಿಕೊಂಡು ಹೋಗುತ್ತದೆಂಬ ಅಂಜಿಕೆಯಿಂದ ಹಲವು ಟ್ರಸ್ಟುಗಳು ಸುಮ್ಮನಿವೆ. ನೋಂದಣಿಯಿಂದ ಒಡೆತನ ಹೋಗುವುದಿಲ್ಲ. ನೋಂದಣಿ ಇಲ್ಲದ ಪಂಚಲೋಹದ ಬಿಂಬ ಕಳವಾದಾಗ ತಮ್ಮದೆಂದು ಹೇಳಿಕೊಳ್ಳಲು ಒಂದು ಛಾಯಾಚಿತ್ರವೂ ಇಲ್ಲದೆ ಠಾಣೆಯಲ್ಲಿ ತಲೆತಗ್ಗಿಸಿ ನಿಲ್ಲುವುದೇ ನಿಜವಾದ ನಷ್ಟ.

ಹಳೇಬೀಡಿನಿಂದ ಹಿಂದಿರುಗಿದ ಆ ಹಿರಿಯರ ಟ್ರಸ್ಟಿನ ಮುಂದೆ ಆಗ ಒಂದು ಕಾಮಗಾರಿ ಬಾಕಿಯಿತ್ತು. ಬಸದಿಯ ಮುಖಮಂಟಪದ ನೆಲವನ್ನು ಕಿತ್ತು ಗ್ರಾನೈಟ್ ಹಾಸಲು ದರಪಟ್ಟಿ ಬಂದಿತ್ತು, ದಾನಿಯೂ ಒಪ್ಪಿದ್ದರು. ಸಭೆಯಲ್ಲಿ ಅವರು ಕಾಮಗಾರಿಯನ್ನು ವಿರೋಧಿಸಲಿಲ್ಲ. ಕಲ್ಲು ಎಬ್ಬಿಸುವ ಮೊದಲು ಎಲ್ಲಕ್ಕೂ ಸಂಖ್ಯೆ ಹಾಕಿ ಪಟ್ಟಿ ಮಾಡೋಣ, ಅಕ್ಷರವಿರುವುದನ್ನು ಓದಬಲ್ಲವರನ್ನು ಕರೆಸಿ ಅಚ್ಚು ತೆಗೆಸೋಣ ಎಂದಷ್ಟೇ ಹೇಳಿದರು. ಇದರಿಂದ ಪ್ರತಿಷ್ಠಾ ವಾರ್ಷಿಕೋತ್ಸವದೊಳಗೆ ಕೆಲಸ ಮುಗಿಯದೆಂದು ಕಿರಿಯ ಸದಸ್ಯರು ಬೇಸರಪಟ್ಟರು. ದಾನಿಗೆ ಏನು ಹೇಳುವುದೆಂದು ಚರ್ಚೆ ನಡೆಯಿತು. ಕೊನೆಗೆ ಒಂದು ತಿಂಗಳ ಕಾಲಾವಕಾಶ ದೊರೆಯಿತು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಅಕ್ಷರಗಳನ್ನು ಬಿಳಿಯಾಗಿ ಎಬ್ಬಿಸುವುದನ್ನು ಮೊಮ್ಮಗಳು ಪಕ್ಕದಲ್ಲೇ ಕುಳಿತು ನೋಡಿದಳು. ಪಟ್ಟಿ ಬರೆಯುವ ಕೆಲಸ ಅವಳದಾಯಿತು.

40 ಕಲ್ಲುಗಳವರೆಗೆ ಪಟ್ಟಿ ಸರಾಗವಾಗಿ ಸಾಗಿತು. ಅಲ್ಲಿಗೆ ಮುಗಿಯಿತೆಂದು ಅವಳು ಪುಸ್ತಕ ಮುಚ್ಚಿದಾಗ ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಬಸದಿಯ ಪೌಳಿ ಬಿದ್ದ ವರ್ಷ ಅವರ ತಂದೆ ಅದನ್ನು ಗಾಡಿಯಲ್ಲಿ ಹಾಕಿಸಿ ತಂದದ್ದು. ಆಗ ಅವರಿನ್ನೂ ಬಾಲಕ, ಗಾಡಿಯ ಹಿಂದೆ ನಡೆದು ಬಂದ ನೆನಪಿತ್ತು. ಅದನ್ನು ಮಗುಚಿ ನೋಡಲು ಇಬ್ಬರು ಆಳುಗಳು ಬೇಕಾದರು. ಅಡಿಯಲ್ಲಿ ಅಕ್ಷರವಿರಲಿಲ್ಲ, ಅಧಿಷ್ಠಾನದ ಬಳ್ಳಿಯ ಪಟ್ಟಿಕೆಯ ಒಂದು ತುಂಡು, ಒಂದು ಮೂಲೆ ಮುರಿದದ್ದು. ಮೊಮ್ಮಗಳು ಪುಸ್ತಕವನ್ನು ತೆರೆದು 41 ಎಂದು ಬರೆದಳು. ಕಲ್ಲು ಇದ್ದ ಸ್ಥಳ ಎಂಬ ಕಲಮಿನಲ್ಲಿ ಏನು ಬರೆಯಲಿ ಎಂದು ಕೇಳಿದಳು. ಹಿರಿಯರು ಲೇಖನಿಯನ್ನು ತಾವೇ ತೆಗೆದುಕೊಂಡು ತಮ್ಮ ಮನೆಯ ವಿಳಾಸವನ್ನು ಬರೆದರು.